ಮಾದಪ್ಪನ ಎಡೆ ತಿಂದ ಕರಡಿ

ದೇವರಾಜ ಮೊಹಲ್ಲಾದ ಮಂಜುಳಮ್ಮನವರ ಅಡುಗೆಯಲ್ಲಿ ಉಪ್ಪು ಹೆಚ್ಚಾಯಿತು ಎಂದವರು ಮೈಸೂರಿನಲ್ಲಿ ಇನ್ನೂ ಹುಟ್ಟಿಲ್ಲ. ಮೂವತ್ತು ವರ್ಷದಿಂದ ಮಠದ ದಾಸೋಹಕ್ಕೂ ಮದುವೆ ಮನೆಗಳಿಗೂ ಅವರದೇ ಸೌಟು. ಆದರೆ ಅವರದೊಂದು ಕಟ್ಟಳೆ ಇತ್ತು. ಅವರ ಒಲೆಯಿಂದ ಇಳಿದ ಅಡುಗೆಯ ಮೊದಲ ಎಲೆ ಮನೆದೇವರು ಮಾದಪ್ಪನಿಗೆ. ಮಿಕ್ಕವರು ಯಾರೇ ಆಗಲಿ, ಕಾಯಬೇಕು. ಒಂದು ಮದುವೆಯಲ್ಲಿ ಗಂಡಿನ ಸೋದರಮಾವನೊಬ್ಬ ಕೈಗಡಿಯಾರ ತೋರಿಸಿ ಗದರಿದ. ಅವನ ಎಲೆಗೆ ಹೋಳಿಗೆ ಎಲ್ಲರಿಗಿಂತ ಕೊನೆಗೆ ಬಂತು, ಅದೂ ಅರ್ಧ.

ಇಂಥವರನ್ನು ಕಾಡಿಗೆ ಕರೆದುಕೊಂಡು ಹೋದವನು ಯಾದವಗಿರಿಯ ಶಿವಕಿರಣ್. ಕಾಡಂಚಿನಲ್ಲಿ ಅವನದೊಂದು ಶಿಬಿರ. ಮೈಸೂರಿನಿಂದ ಎರಡೂವರೆ ಗಂಟೆ ಬಸ್ಸು, ಟಾರು ರಸ್ತೆ ಮುಗಿದ ಮೇಲೆ ಇನ್ನೊಂದು ಗಂಟೆ ಜೀಪು. ಪೇಟೆಯ ಜನ ಹೋಗಿ ಐದು ದಿನ ಡೇರೆಯಲ್ಲಿ ಮಲಗಿ, ಹಕ್ಕಿ ನೋಡಿ, ಫೋನು ಹತ್ತುವುದಿಲ್ಲವೆಂದು ಗೊಣಗಿ ವಾಪಸು ಬರುತ್ತಿದ್ದರು. ಮಾರ್ಚಿನಲ್ಲಿ ಹದಿನಾಲ್ಕು ಜನರ ತಂಡ ಹೊರಡುವುದರಲ್ಲಿತ್ತು, ಅಡುಗೆಯವನು ಕೈಕೊಟ್ಟಿದ್ದ. ಶಿವಕಿರಣ್ ಬಂದು ಕೈಮುಗಿದು ಕೂತ.

"ಕಾಡು ಅಂದ್ರೆ ಮಾದಪ್ಪನ ಸೀಮೆ. ಬತ್ತೀನಿ ಬುಡಿ," ಎಂದರು ಮಂಜುಳಮ್ಮ. ಅವತ್ತೇ ಮಾರ್ಕೆಟ್ಟಿಗೆ ಹೋಗಿ, ಮೂರು ಅಂಗಡಿ ಮೂಸಿ ನೋಡಿ, ಎರಡು ಗೊನೆ ನಂಜನಗೂಡು ರಸಬಾಳೆ ಆರಿಸಿದರು. ರಸಬಾಳೆ ಹಣ್ಣಾಗಿದ್ದರೆ ಬಾಗಿಲು ಮುಚ್ಚಿದರೂ ಬೀದಿಗೆಲ್ಲ ಗೊತ್ತಾಗುತ್ತದೆ. ಈ ಮಾತು ನೆನಪಿರಲಿ.

ಶಿಬಿರದಲ್ಲಿ ಅವರನ್ನು ಎದುರುಗೊಂಡವನು ಕಾವಲುಗಾರ ಹುಚ್ಚಯ್ಯ. ಒಣಗಿದ ಬೇರಿನಂಥ ಮೈ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಇಪ್ಪತ್ತು ಬೇಸಿಗೆ ಕಾಡಿನ ಬೆಂಕಿ ಕಾಯುವ ಕೂಲಿ ಮಾಡಿ, ಐದು ವರ್ಷದಿಂದ ಇಲ್ಲಿದ್ದ. ಅವನು ಮಂಜುಳಮ್ಮನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೇ ಮಾತು ಹೇಳಿದ.

"ಅವ್ವಾ, ಸಿಹಿ ಪದಾರ್ಥ ಏನೇ ಇದ್ರೂ ಈ ತಗಡಿನ ಡಬ್ಬದೊಳಗೆ. ಒಂದು ಸಿಪ್ಪೆನೂ ಈಚೆ ಬೀಳಂಗಿಲ್ಲ. ಕರಡಿ ಮೂಗು ಬಲು ಚುರುಕು. ಇನ್ನ ಬೆಂಕಿ ಈ ಒಲೆಯೊಳಗೆ ಬುಟ್ರೆ ಇನ್ನೆಲ್ಲೂ ಇಲ್ಲ. ಕೆಲಸ ಮುಗುದ್ಮೇಲೆ ಮೂರು ಸಲ ನೀರು ಉಯ್ದು, ಬೂದಿ ಕೆದಕಿ, ಅಂಗೈ ಅಲ್ಲ, ಮುಂಗೈ, ಅಂದ್ರೆ ಕೈಯ ಬೆನ್ನು ಇಟ್ಟು ನೋಡ್ಬೇಕು. ಅಂಗೈ ಸುಳ್ಳು ಏಳ್ತದೆ, ಅಡುಗೆ ಮಾಡಿ ಮಾಡಿ ಮರಗಟ್ಟಿರ್ತದೆ. ಮುಂಗೈ ಸುಳ್ಳು ಏಳಲ್ಲ."

"ಒಲೆ ಆರಿಸೋದು ನಂಗೆ ನೀನು ಹೇಳಿಕೊಡಬೇಕಾ?" ಎಂದರು ಮಂಜುಳಮ್ಮ. ಹುಚ್ಚಯ್ಯ ನಕ್ಕು ಎದ್ದುಹೋದ.

ಶಿಬಿರದ ಸುತ್ತ ಆರಡಿ ಅಗಲಕ್ಕೆ ಹುಲ್ಲು ಕೆತ್ತಿ ಬರೀ ಮಣ್ಣು ಮಾಡಿದ್ದ. ಅದಕ್ಕೆ ಬೆಂಕಿ ಗೆರೆ ಎನ್ನುತ್ತಾರೆ. ಆಚೆಯ ಬೆಂಕಿ ಈಚೆ ಬಾರದಿರಲೆಂದು. ಗೆರೆಯಾಚೆ ಸೊಂಟದೆತ್ತರ ಒಣಹುಲ್ಲು. ಆ ಹುಲ್ಲಿನ ನಡುವೆ ಕಾಲುದಾರಿ, ಅದರ ಕೊನೆಗೊಂದು ಬಿಲ್ವಪತ್ರೆ ಮರ, ಮರದ ಬುಡದಲ್ಲೊಂದು ಗುಂಡುಕಲ್ಲು. ಪತ್ರೆ ಮರದ ಕೆಳಗೆ ಗುಂಡುಕಲ್ಲು ಕಂಡರೆ ಮೈಸೂರು ಸೀಮೆಯ ಯಾವ ಹೆಂಗಸು ತಾನೇ ಸುಮ್ಮನೆ ದಾಟಿ ಹೋದಾಳು? ಮಂಜುಳಮ್ಮನವರಿಗೆ ಅದು ಮಾದಪ್ಪನೇ.

ಮೊದಲ ದಿನ ಮಧ್ಯಾಹ್ನ ಬಾಳೆಲೆಯ ತುದಿಗೆ ಅನ್ನ, ಪಲ್ಯ, ರಸಬಾಳೆ ಬೆಲ್ಲ ತುಪ್ಪ ಕಲಸಿದ ರಸಾಯನ ಬಡಿಸಿ, ಹಿತ್ತಾಳೆಯ ಪುಟ್ಟ ದೀಪ ಹಚ್ಚಿಕೊಂಡು ಹೋಗಿ ಕಲ್ಲಿನ ಮುಂದಿಟ್ಟು ಬಂದರು. ಹುಚ್ಚಯ್ಯ ಹೇಳಿದ್ದು ನೆನಪಿರಲಿಲ್ಲವೇ? ಚೆನ್ನಾಗಿ ನೆನಪಿತ್ತು. ಕೇಳಿದರೆ ಬೇಡ ಎನ್ನುತ್ತಾನೆ ಎಂದೂ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಅವನು ಮೊದಲ ಎರಡು ದಿನ ಶಿಬಿರದ ಹಿಂಬದಿಯಲ್ಲಿ ಬೆಂಕಿ ಗೆರೆಗೆ ಮತ್ತೆ ಬಂದಿದ್ದ ಹುಲ್ಲು ಕೆತ್ತುತ್ತಿದ್ದ, ಈ ಕಡೆ ಬರಲೇ ಇಲ್ಲ.

ಸಂಜೆ ಹೋಗಿ ನೋಡುತ್ತಾರೆ, ಎಲೆ ತೊಳೆದಿಟ್ಟ ಹಾಗಿದೆ. ಒಂದಗುಳಿಲ್ಲ.

ಮಂಜುಳಮ್ಮನವರಿಗೆ ಕಣ್ಣು ತುಂಬಿ ಬಂತು. ಮೂವತ್ತು ವರ್ಷ ಪಟದ ಮುಂದೆ ಎಡೆ ಇಟ್ಟಿದ್ದಾರೆ, ಇಟ್ಟದ್ದು ಇಟ್ಟ ಹಾಗೇ ಇರುತ್ತಿತ್ತು. ಪಟದಲ್ಲಿ ಹುಲಿ ಏರಿ ಕೂತವನು ಒಂದು ತುತ್ತಿಗೂ ಬಾಯಿ ತೆರೆದವನಲ್ಲ. ಇಲ್ಲಿ ಎಲೆ ನೆಕ್ಕಿಬಿಟ್ಟಿದ್ದಾನೆ! ಎರಡನೆಯ ದಿನ ರಸಾಯನ ದುಪ್ಪಟ್ಟಾಯಿತು. ಅದೂ ಖಾಲಿ. "ಸ್ವಾಮಿ ಇಲ್ಲಿ ಜೀವಂತ ಅವ್ನೆ ಕಣ್ರಮ್ಮ," ಎಂದು ಶಿಬಿರದ ಹೆಂಗಸರಿಗೆಲ್ಲ ಹೇಳಿದರು. ಇಬ್ಬರು ಹೋಗಿ ಕಲ್ಲಿನ ಜೊತೆ ಫೋಟೋ ತೆಗೆಸಿಕೊಂಡು ಬಂದರು.

ಮೂರನೆಯ ದಿನ ಮಧ್ಯಾಹ್ನ ಒಂದು ಗಂಟೆ. ಎಲೆ ಇಟ್ಟು, ದೀಪ ಇಟ್ಟು, ಕೈಮುಗಿದು ಕಣ್ಣು ಮುಚ್ಚಿದರು. ಎದುರಿಗೆ ಯಾರೋ ಬಿಸಿ ಕಾಫಿಯನ್ನು ಬಸಿಗೆ ಹೊಯ್ದು ಸೊರ್ ಎಂದು ಎಳೆದ ಸದ್ದು. ಕಣ್ಣು ಬಿಟ್ಟರು. ಕಪ್ಪನೆಯ ದೊಡ್ಡದೊಂದು ಮೈ, ಕೆದರಿದ ಕೂದಲು, ಎದೆಯ ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಪಟ್ಟೆ. ಆ ಪಟ್ಟೆ ನೋಡಿ ಒಂದು ಕ್ಷಣ ಅವರಿಗೆ, ಮಾದಪ್ಪ ಇಷ್ಟೊಂದು ಕೂದಲು ಬಿಟ್ಟಿದ್ದಾನಲ್ಲ ಅನ್ನಿಸಿದ್ದು ಸುಳ್ಳಲ್ಲ. ಆಮೇಲೆ ಉಗುರು ಕಂಡವು. ಒಂದೊಂದು ಉಗುರೂ ಅವರ ಬೆರಳುದ್ದ. 

"ಅವ್ವಾ, ಓಡ್ಬ್ಯಾಡಿ." ಅವರು ದೀಪ ಹಿಡಿದು ಹೋಗುವುದನ್ನು ಕಂಡು ಹಿಂದೆಯೇ ಬಂದಿದ್ದ ಹುಚ್ಚಯ್ಯನ ದನಿ, ಮಗು ಎದ್ದೀತೆಂದು ಮೆಲ್ಲಗೆ ಮಾತಾಡುವವರ ದನಿ ಅದು. "ಬೆನ್ನು ತೋರಿಸ್ಬ್ಯಾಡಿ. ಒಂದೊಂದೇ ಎಜ್ಜೆ ಇಂದಕ್ಕೆ ಬನ್ನಿ. ನಾನಿವ್ನಿ."

ಅವರು ಒಂದು ಹೆಜ್ಜೆ ಹಿಂದಿಟ್ಟರು. ಅವನು ಎರಡು ಹೆಜ್ಜೆ ಮುಂದೆ ಬಂದ. ಬಂದು ಅವರಿಗೂ ಕರಡಿಗೂ ನಡುವೆ ನಿಂತ. ಹೆಗಲ ಕಂಬಳಿಯನ್ನು ಕೋಲಿಗೆ ಸಿಕ್ಕಿಸಿ ತಲೆಯ ಮೇಲೆ ಅಗಲಿಸಿ ಹಿಡಿದ. ಆ ಬಡಕಲು ಮನುಷ್ಯ ಇದ್ದಕ್ಕಿದ್ದಂತೆ ಬಾಗಿಲಷ್ಟು ಅಗಲವಾದ. ಕರಡಿ ಹಿಂಗಾಲ ಮೇಲೆ ಎದ್ದು ನಿಂತು ಬುಸುಗುಟ್ಟಿತು. ಅವನು ಕದಲಲಿಲ್ಲ. "ಓಗಪ್ಪ, ಓಗು. ಉಂಡಿದ್ದಾಯ್ತಲ್ಲ. ನಿನ್ನ ದಾರಿ ನಿಂಗೆ, ನಮ್ಮ ದಾರಿ ನಮಗೆ," ಎಂದು ಪಕ್ಕದ ಮನೆಯವನಿಗೆ ಹೇಳುವ ಹಾಗೆ ಹೇಳುತ್ತ ನಿಂತ. ಕೋಲು ಹಿಡಿದ ಕೈ ಮಾತ್ರ ನಡುಗುತ್ತಿತ್ತು. ಅದನ್ನು ಮಂಜುಳಮ್ಮ ನೋಡಿದರು. ಹೆದರಿಕೆ ಇಲ್ಲದವನು ನಿಲ್ಲುವುದು ದೊಡ್ಡದಲ್ಲ. ಹೆದರಿಕೊಂಡೂ ನಿಂತನಲ್ಲ, ಅದಕ್ಕೆ ಏನನ್ನೋಣ?

ಕರಡಿ ದಪ್ಪೆಂದು ಕೆಳಗಿಳಿದು, ತಿರುಗಿ, ಲಂಟಾನದ ಪೊದೆಯೊಳಗೆ ನುಗ್ಗಿ ಹೋಯಿತು. ತಿರುಗುವಾಗ ಹಿಂಗಾಲು ದೀಪಕ್ಕೆ ತಾಗಿತು. ಎಣ್ಣೆ ಹುಲ್ಲಿನ ಮೇಲೆ ಚೆಲ್ಲಿತು.

ಮಾರ್ಚಿನ ಹುಲ್ಲಿಗೆ ಏನು ಬೇಕು? ಮಂಜುಳಮ್ಮ ಉಸಿರು ಬಿಡುವಷ್ಟರಲ್ಲಿ ಮರದ ಬುಡದಲ್ಲಿ ಹೊಗೆ, ಅದರ ಹಿಂದೆಯೇ ಆಳೆತ್ತರ ಉರಿ. ಹುಚ್ಚಯ್ಯ ಹಸಿ ಸೊಪ್ಪಿನ ಕೊಂಬೆ ಮುರಿದು ಬಡಿದ, ಬಡಿದ, ಆಗಲಿಲ್ಲ. ಗಾಳಿ ಶಿಬಿರದ ಕಡೆಗೇ ಬೀಸುತ್ತಿತ್ತು. ಮಂಜುಳಮ್ಮನ ರಟ್ಟೆ ಹಿಡಿದು ಎಳೆದುಕೊಂಡು ಶಿಬಿರಕ್ಕೆ ಓಡಿದ.

ಅಲ್ಲಿ ಗದ್ದಲವೋ ಗದ್ದಲ. ಶಿವಕಿರಣ್ ಮೈಸೂರಿಗೆ ಹಿಂತಿರುಗಿದ್ದ, ಜೀಪು ನೀರು ತರಲು ಹೋಗಿತ್ತು. ಜೀಪಿನ ದಾರಿ ಹಿಡಿದು ಓಡೋಣ ಎಂದರು ಕೆಲವರು. "ದಾರಿಯ ಎರಡು ಪಕ್ಕನೂ ಲಂಟಾನ. ಒಳಗೆ ಸಿಕ್ಕಾಕೊಂಡ್ರೆ ಒಲೆ ಬಾಯೊಳಗೆ ನಿಂತಂಗೆ. ಯಾರೂ ಈ ಗೆರೆ ದಾಟಂಗಿಲ್ಲ," ಎಂದ ಹುಚ್ಚಯ್ಯ. ಎಂದವನು ಬೆಂಕಿ ಗೆರೆಯ ಅಂಚಿಗೆ ಹೋಗಿ, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಆಚೆಯ ಹುಲ್ಲಿಗೆ ತಾನೇ ಕಡ್ಡಿ ಗೀರಿದ.

"ಏನ್ ಮಾಡ್ತಿದ್ದೀಯೋ ಹುಚ್ಚಯ್ಯ!" ಎಂದು ಕೂಗಿದವರು ಮಂಜುಳಮ್ಮನೇ.

"ಬೆಂಕಿಗೂ ಒಟ್ಟೆ ಅದೆ ಅವ್ವಾ. ಅದು ಬರೋಕ್ ಮುಂಚೆ ಅದರ ಊಟ ನಾವೇ ಮುಗಿಸ್ಬುಡ್ಬೇಕು. ಆರಡಿ ಗೆರೆ ಈ ಗಾಳಿಗೆ ಸಾಲ್ದು. ನೀವು ಗೋಣಿಚೀಲ ನೆನಸಿ ಎಲ್ಲರ ಕೈಗೂ ಕೊಡಿ. ಈಚೆ ಬಿದ್ದ ಕಿಡಿ ಬಡೀಲಿ."

ಊಟದ ಭಾಷೆಯಲ್ಲಿ ಹೇಳಿದ್ದರಿಂದಲೋ ಏನೋ, ಮಂಜುಳಮ್ಮನವರಿಗೆ ತಟ್ಟನೆ ಅರ್ಥವಾಯಿತು. ಸಾವಿರ ಜನರ ಪಂಕ್ತಿ ನಡೆಸಿದ ಹೆಂಗಸು ಅವರು. ನೀನು ಇಲ್ಲಿ, ನೀನು ಅಲ್ಲಿ ಎಂದು ಹದಿನಾಲ್ಕು ಜನರನ್ನೂ ಗೆರೆಯುದ್ದಕ್ಕೂ ನಿಲ್ಲಿಸಿದರು. ಡ್ರಮ್ಮಿನ ನೀರು ಮುಗಿದಾಗ ಮಜ್ಜಿಗೆಯಲ್ಲಿ ಚೀಲ ನೆನೆಸಿದರು, ಮಜ್ಜಿಗೆ ಮುಗಿದಾಗ ಸಾರಿನಲ್ಲಿ. ಹುಚ್ಚಯ್ಯ ಗೆರೆಯುದ್ದಕ್ಕೂ ಬಾಗಿ ಬಾಗಿ ಬೆಂಕಿ ಕೊಡುತ್ತ, ಈಚೆಗೆ ನಾಲಿಗೆ ಚಾಚಿದ್ದನ್ನು ಬರಿಗಾಲಲ್ಲಿ ತುಳಿಯುತ್ತ, ಕೆಮ್ಮುತ್ತ ನಡೆದ. ಅವನು ಹಚ್ಚಿದ ಬೆಂಕಿ ಗಾಳಿಗೆದುರಾಗಿ ಮೆಲ್ಲಗೆ ಹುಲ್ಲು ಮೇಯುತ್ತ ಹೋಯಿತು. ಆ ಕಡೆಯಿಂದ ದೊಡ್ಡ ಬೆಂಕಿ ಅಬ್ಬರಿಸಿಕೊಂಡು ಬಂತು. ಎರಡೂ ಮುಖಾಮುಖಿಯಾದವು. ಒಂದು ಸಲ ಮುಗಿಲೆತ್ತರಕ್ಕೆ ಎದ್ದವು. ತಿನ್ನಲು ಏನೂ ಉಳಿದಿರಲಿಲ್ಲ. ಕೂತುಬಿಟ್ಟವು.

ಒಂದು ಡೇರೆ, ಅಡುಗೆಯ ಚಪ್ಪರ ಸುಟ್ಟವು. ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಒಂದು ಬೊಬ್ಬೆ ಏಳಲಿಲ್ಲ. ಹುಚ್ಚಯ್ಯನ ಹುಬ್ಬು ಕರಕಲಾಗಿತ್ತು, ಎರಡು ಪಾದವೂ ಸುಟ್ಟಿದ್ದವು. ಅವನು ಕುಂಟುತ್ತ ಹೋಗಿ ಕರಿನೆಲದ ಮೇಲೆ ಅಲ್ಲಲ್ಲಿ ಕೂತು ಬೂದಿಗೆ ಮುಂಗೈ ಇಟ್ಟು ನೋಡುತ್ತಿದ್ದ. ಅದನ್ನು ನೋಡಿದ ಮೇಲೆ ಮಂಜುಳಮ್ಮನವರಿಗೆ ಅವನು ಎನ್ನಲು ನಾಲಿಗೆ ಏಳಲಿಲ್ಲ. ಇನ್ನು ನಾವೂ ಅವರು ಎಂದೇ ಹೇಳೋಣ.

ಸಂಜೆ ಜೀಪು ಬಂದಾಗ ಹುಚ್ಚಯ್ಯನವರು ಟವೆಲ್ಲಿನಲ್ಲಿ ಸುತ್ತಿದ ಗಂಟೊಂದನ್ನು ಮಂಜುಳಮ್ಮನ ಕೈಗಿಟ್ಟರು. "ನಿಮ್ದು ಅವ್ವಾ," ಎಂದರು. ಅಷ್ಟೇ. ದಾರಿಯಲ್ಲಿ ಬಿಚ್ಚಿ ನೋಡಿದರೆ ದೀಪ. ಸುಟ್ಟು ಕಪ್ಪಾಗಿತ್ತು, ಒಂದು ಪಕ್ಕ ಸೊಟ್ಟಗಾಗಿತ್ತು. ಬೆಂಕಿ ಎಲ್ಲಿಂದ ಹುಟ್ಟಿತೆಂದು ಆ ಮನುಷ್ಯನಿಗೆ ಗೊತ್ತು, ತನಗೆ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ. ಮೈಸೂರು ಬರುವ ತನಕ ಮಂಜುಳಮ್ಮ ಅದನ್ನು ಮಡಿಲಿನಿಂದ ಕೆಳಗಿಡಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ಸೊಸೆ ಶಿಲ್ಪಶ್ರೀ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದಳು. "ಅತ್ತೆ, ಇದು ನಿಮ್ಮ ಕ್ಯಾಂಪಲ್ವಾ?"

ಇಪ್ಪತ್ತು ಸೆಕೆಂಡಿನ ವಿಡಿಯೋ. ಶಿಬಿರಕ್ಕೆ ಬಂದಿದ್ದ ಚಾಮರಾಜಪುರಂನ ಹುಡುಗಿಯೊಬ್ಬಳು ತೆಗೆದದ್ದು, ಯಾರೋ ತುಂಡು ಮಾಡಿ ಹಂಚಿದ್ದು. ಅದರಲ್ಲಿ ಕರಡಿ ಇಲ್ಲ, ದೊಡ್ಡ ಬೆಂಕಿಯೂ ಇಲ್ಲ. ಕಂಬಳಿ ಹೊದ್ದವರೊಬ್ಬರು ಒಣಹುಲ್ಲಿಗೆ ಕಡ್ಡಿ ಗೀರುತ್ತಾರೆ, ಹುಲ್ಲು ಹತ್ತಿಕೊಳ್ಳುತ್ತದೆ. ಅಷ್ಟೇ. ಕೆಳಗೆ ಊರಿನವರೆಲ್ಲ ಬರೆದ ಬೈಗುಳ. ಕಾಡು ಸುಟ್ಟ ಕಿರಾತಕನಂತೆ, ಜೈಲಿಗೆ ಹಾಕಬೇಕಂತೆ.

ಹದಿನಾಲ್ಕು ಜನರಲ್ಲಿ ಇಬ್ಬರೋ ಮೂವರೋ ಹಾಗಲ್ಲ ಎಂದು ಬರೆದಿದ್ದರು. ಮಿಕ್ಕವರು ಬಾಯಿಗೆ ಬೀಗ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಶಿವಕಿರಣ್‌ಗೆ ಮಂಜುಳಮ್ಮ ಫೋನು ಮಾಡಿದರು. ಅವನೂ ಹೆದರಿದ್ದ. "ಅಮ್ಮ, ಗುರುವಾರ ಆಫೀಸಿಗೆ ಅರಣ್ಯ ಇಲಾಖೆಯವ್ರು ಬರ್ತಾರೆ. ಬೆಂಕಿ ಕೊಟ್ಟಿದ್ದು ನಮ್ಮ ಕಾವಲುಗಾರ, ಅವನನ್ನ ಕೆಲಸದಿಂದ ತೆಗ್ದಿದ್ದೀವಿ ಅಂತ ಬರ್ಕೊಡ್ದೆ ಇದ್ರೆ ಕ್ಯಾಂಪೇ ಮುಚ್ಚಿಸ್ತಾರೆ. ಆಮೇಲೆ ಅವನ ಮೇಲೆ ಕೇಸು ಹೇಗೂ ಆಗುತ್ತೆ."

"ಅವ್ರು ಏನಂತಾರೆ?"

"ಯಾರು, ಹುಚ್ಚಯ್ಯನಾ? ಕೇಳ್ದೆ. ಹೌದು, ನಾನೇ ಕಡ್ಡಿ ಗೀರಿದ್ದು ಅಂತಾನೆ. ಮೊದ್ಲು ಬೆಂಕಿ ಹ್ಯಾಗೆ ಬಿತ್ತು ಅಂದ್ರೆ ಗೊತ್ತಿಲ್ಲ ಅಂತಾನೆ."

ಮಂಜುಳಮ್ಮ ಫೋನಿಟ್ಟು, ಹುಣಸೆಹಣ್ಣು ತೆಗೆದುಕೊಂಡು ದೀಪ ಉಜ್ಜಲು ಕೂತರು. ಒಂದು ಗಂಟೆ ಉಜ್ಜಿದರು. ಕಪ್ಪು ಹೋಗಲಿಲ್ಲ. ಶಿಲ್ಪಶ್ರೀ ಪಕ್ಕದಲ್ಲಿ ಬಂದು ಕೂತಾಗ ಎಲ್ಲವನ್ನೂ ಹೇಳಿಬಿಟ್ಟರು.

"ಸುಮ್ನಿದ್ಬುಡಿ ಅತ್ತೆ," ಎಂದಳು ಸೊಸೆ. ಕೆಟ್ಟವಳಲ್ಲ ಅವಳು, ಹೆದರಿಕೆಗೆ ಅಂದಳು. "ಮುಂದಿನ ತಿಂಗಳು ಮಠದ ದಾಸೋಹ ನಿಮ್ಮ ಕೈಲಿದೆ. ಮಂಜುಳಮ್ಮನ ಎಡೆ ದೀಪದಿಂದ ಕಾಡು ಸುಟ್ಟೋಯ್ತು ಅಂತ ಮಾತು ಎದ್ರೆ ನಾಳೆ ಯಾರು ಒಲೆ ಹಚ್ಚೋಕೆ ಕರೀತಾರೆ? ಮೂವತ್ತು ವರ್ಷದ ಹೆಸರು. ಅವ್ರೇ ಬಾಯಿ ಬಿಡ್ತಿಲ್ಲ, ನೀವ್ಯಾಕೆ ಬಿಡ್ತೀರ?"

"ಅವ್ರು ಬಾಯಿ ಬಿಡ್ತಿಲ್ಲ ಅಂತಲೇ ಕಣಮ್ಮ ನಂಗೆ ತುತ್ತು ಇಳೀತಿಲ್ಲ," ಎಂದರು ಮಂಜುಳಮ್ಮ.

ಗುರುವಾರ, ಯಾದವಗಿರಿಯಲ್ಲಿ ಶಿವಕಿರಣನ ಬಂಗಲೆಯ ಮುಂದಿನ ಕೋಣೆ, ಅದೇ ಅವನ ಆಫೀಸು. ಮೇಜಿನಾಚೆ ಅರಣ್ಯಾಧಿಕಾರಿ ಅನುಪಮಾ, ನಲವತ್ತರ ಹೆಂಗಸು, ಎದುರಿನವರ ಮಾತು ಮುಗಿಯುವ ತನಕ ಬರೆಯದವರು. ಪಕ್ಕದಲ್ಲಿ ಶಿವಕಿರಣ್, ಅವನ ಮುಂದೆ ಸಹಿಗೆ ಕಾದ ಕಾಗದ. ಹುಚ್ಚಯ್ಯನವರು ಪಾದಕ್ಕೆ ಬಟ್ಟೆ ಸುತ್ತಿಕೊಂಡು ನಿಂತಿದ್ದರು. ಕೂರಿ ಎಂದು ಅನುಪಮಾ ಎರಡು ಸಲ ಹೇಳಿದ ಮೇಲೆ ಕುರ್ಚಿಯ ತುದಿಯಲ್ಲಿ ಕೂತರು.

"ವಿಡಿಯೋದಲ್ಲಿ ಹುಲ್ಲಿಗೆ ಬೆಂಕಿ ಕೊಟ್ಟಿದ್ದು ನೀವೇನಾ?"

"ನಾನೇ."

"ಎದುರು ಬೆಂಕಿ ಕೊಟ್ರಿ, ಸರಿ. ಅದು ನಂಗೂ ಗೊತ್ತಾಗುತ್ತೆ. ಆದ್ರೆ ಮೊದಲ ಬೆಂಕಿನೂ ನಿಮ್ದೇ ಅಂತ ದೂರು ಬಂದಿದೆ. ಅದು ಎಲ್ಲಿಂದ ಬಂತು?"

ಹುಚ್ಚಯ್ಯನವರು ನೆಲ ನೋಡಿದರು. "ಗೊತ್ತಿಲ್ಲ ತಾಯಿ."

"ಇಪ್ಪತ್ತೈದು ವರ್ಷ ಬೆಂಕಿ ಕಾದವ್ರು ನೀವು. ಬೂದಿ ನೋಡಿ ಹೇಳ್ತೀರ. ಗೊತ್ತಿಲ್ಲ ಅಂದ್ರೆ ನಾನು ಏನಂತ ಬರೀಲಿ?"

ಶಿವಕಿರಣ್ ಪೆನ್ನಿನ ಮುಚ್ಚಳ ತೆಗೆದ.

ಯಾರೂ ಕರೆಯದೆ ಬಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದ ಮಂಜುಳಮ್ಮ ಎದ್ದರು. ಕೈಚೀಲದಿಂದ ದೀಪ ತೆಗೆದು ಮೇಜಿನ ಮೇಲೆ, ಆ ಕಾಗದದ ಮೇಲೆಯೇ ಇಟ್ಟರು. ಬೆಳ್ಳನೆಯ ಕಾಗದಕ್ಕೆ ಮಸಿ ಹತ್ತಿತು.

"ಇಲ್ಲಿಂದ ಬಂತು ತಾಯಿ. ಇದು ನಂದು. ಸಿಹಿ ಈಚೆ ಇಡ್ಬೇಡಿ, ಒಲೆ ಬುಟ್ಟು ಎಲ್ಲೂ ಬೆಂಕಿ ಹಚ್ಬೇಡಿ ಅಂತ ಇವ್ರು ಮೊದಲ್ನೇ ದಿನವೇ ಹೇಳಿದ್ರು. ನಾನು ದೇವ್ರ ಹೆಸರು ಹೇಳ್ಕೊಂಡು ಎರಡನ್ನೂ ಮೀರಿದೆ. ಕೇಳಿದ್ರೆ ಬೇಡ ಅಂತಾರೆ ಅಂತ ಕದ್ದು ಮಾಡಿದೆ. ಎಡೆ ತಿಂದಿದ್ದು ಕರಡಿ, ನಾನು ಮಾದಪ್ಪ ಅಂದ್ಕೊಂಡೆ. ಕರಡಿ ಮುಂದೆ ಇವ್ರು ಬಂದು ನಿಂತ್ರು. ಬೆಂಕಿ ಮುಂದೆನೂ ಇವ್ರೇ ನಿಂತ್ರು. ಇವತ್ತು ಇಲ್ಲಿ ನನ್ನ ಮುಂದೆ ನಿಂತವ್ರೆ. ಎಷ್ಟು ಸಲ ನಿಲ್ಸೋದು ಒಬ್ಬ ಮನುಷ್ಯನ್ನ?"

ಅನುಪಮಾ ದೀಪವನ್ನು ತಿರುಗಿಸಿ ನೋಡಿದರು. ಆಮೇಲೆ ಹುಚ್ಚಯ್ಯನವರ ಕಡೆ ತಿರುಗಿದರು. "ಇದು ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಅವ್ರು ದೇವ್ರಿಗೆ ಅಂತ ಇಟ್ರು, ಕಾಡು ಸುಡ್ಲಿ ಅಂತ ಅಲ್ಲ," ಎಂದರು ಹುಚ್ಚಯ್ಯನವರು. "ಎರಡು ದಿನ ದೀಪ ಉರುದದೆ, ನಾನು ಆ ಕಡೆ ಓಗಿ ನೋಡ್ಲಿಲ್ಲ. ಕಾವಲು ನಂದಲ್ವಾ ತಾಯಿ? ಕಾವಲು ಇದ್ದೋನು ನೋಡ್ದೆ ಓದ್ರೆ ತಪ್ಪು ಅವ್ನದೇ."

ಅನುಪಮಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಬರೆದರು. ಎದುರು ಬೆಂಕಿ ಕೊಡದೆ ಇದ್ದಿದ್ದರೆ ಹದಿನಾಲ್ಕು ಜೀವ ಉಳಿಯುತ್ತಿರಲಿಲ್ಲ ಎಂದು ಬರೆದು, ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಶಿವಕಿರಣ್ ಮಸಿ ಹತ್ತಿದ ಕಾಗದವನ್ನು ಎರಡಾಗಿ ಹರಿದು, ತಲೆ ತಗ್ಗಿಸಿ, "ತಪ್ಪಾಯ್ತು ಹುಚ್ಚಯ್ಯ, ಕೆಲಸಕ್ಕೆ ಬನ್ನಿ," ಎಂದ.

"ಅಮ್ಮ, ಕಾನೂನು ಪ್ರಕಾರ ನಿಮ್ಮ ಮೇಲೆ ಕೇಸಾಗುತ್ತೆ," ಎಂದರು ಅನುಪಮಾ.

"ಆಗ್ಲಿ ತಾಯಿ. ಮಾಡಿದ್ದುಣ್ಣೋ ಮಹರಾಯ," ಎಂದರು ಮಂಜುಳಮ್ಮ.

ಕೇಸಾಯಿತು. ಮಾತೂ ಎದ್ದಿತು. ಮಠದಿಂದ ಫೋನು ಬಂತು. ಈ ವರ್ಷ ನೀವು ವಿಶ್ರಾಂತಿ ತೊಗೊಳ್ಳಿ ಅಮ್ಮ, ಬೇರೆಯವರಿಗೆ ಹೇಳಿದ್ದೀವಿ ಎಂದು ಬಹಳ ಮರ್ಯಾದೆಯಿಂದಲೇ ಹೇಳಿದರು. ಮಂಜುಳಮ್ಮ ರುಬ್ಬುವ ಕಲ್ಲಿನ ಮುಂದೆ ಕೂತು ಅತ್ತರು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ರಾತ್ರಿ ಊಟ ಸೇರಿತು, ನಿದ್ದೆಯೂ ಬಂತು.

ಪಾದ ವಾಸಿಯಾದ ಮೇಲೆ ಒಂದು ಭಾನುವಾರ ಹುಚ್ಚಯ್ಯನವರನ್ನು ಮನೆಗೆ ಕರೆದರು. ಅವರು ಹೊಸ ಅಂಗಿ ತೊಟ್ಟು ಬಂದು, ಇಲ್ಲೇ ಕೂತ್ಕೋತೀನಿ ಅವ್ವಾ ಎಂದು ಜಗಲಿಯ ಮೇಲೆಯೇ ಕೂರಲು ಹೋದರು. ಮಂಜುಳಮ್ಮ ಬಿಡಲಿಲ್ಲ. ನಡುಮನೆಯಲ್ಲಿ ಮಣೆ ಹಾಕಿ ಕೂರಿಸಿದರು. ಅವತ್ತು ಗ್ಯಾಸಿನ ಒಲೆ ಮುಟ್ಟಿರಲಿಲ್ಲ. ಹಿತ್ತಲಲ್ಲಿ ಸೌದೆ ಒಲೆ ಹೂಡಿ, ಮದುವೆ ಮನೆಯ ಅಡುಗೆಯನ್ನೇ ಮಾಡಿದ್ದರು. ಕೊನೆಗೆ ರಸಬಾಳೆಯ ರಸಾಯನ.

ಮೊದಲ ಎಲೆ ಬಡಿಸಿಕೊಂಡು ಅಡುಗೆಮನೆಯಿಂದ ಹೊರಬಂದರು. ಮಾದಪ್ಪನ ಪಟದ ಮುಂದೆ ಬಂದರು. ನಿಲ್ಲಲಿಲ್ಲ, ದಾಟಿಕೊಂಡು ಹೋಗಿ ಹುಚ್ಚಯ್ಯನವರ ಮುಂದೆ ಬಗ್ಗಿ ಇಟ್ಟರು.

ಶಿಲ್ಪಶ್ರೀ ಕಣ್ಣರಳಿಸಿದಳು. "ಅತ್ತೆ, ಮಾದಪ್ಪನಿಗೆ?"

"ಎರಡನೇ ಎಲೆ ಅಂತ ಬೆಳಿಗ್ಗೆನೇ ಅವ್ನಿಗೆ ಹೇಳಿದ್ದೀನಿ. ಅವ್ನು ಬೇಜಾರು ಮಾಡ್ಕೊಳಲ್ಲ," ಎಂದರು ಮಂಜುಳಮ್ಮ. "ಊಟ ಮಾಡಿ ಹುಚ್ಚಯ್ಯನವ್ರೇ."

ಹುಚ್ಚಯ್ಯನವರು ಎಲೆ ನೋಡಿದರು, ರಸಾಯನ ನೋಡಿದರು. ಅನ್ನಕ್ಕೆ ಕೈಯಿಡದೆ ತಲೆಯೆತ್ತಿದರು. "ಇತ್ತಲ ಒಲೆ ಆರಿಸಿದ್ದೀರಾ ಅವ್ವಾ?"

ಮಂಜುಳಮ್ಮ ಬಲಗೈ ಮುಂದೆ ಚಾಚಿ ತಿರುಗಿಸಿ ತೋರಿಸಿದರು. ಮುಂಗೈ ತುಂಬ ಒದ್ದೆ ಬೂದಿ ಮೆತ್ತಿತ್ತು.

ಆಮೇಲೆ ಹುಚ್ಚಯ್ಯನವರು ಮೊದಲ ತುತ್ತು ಎತ್ತಿದರು.